ಕಾರಿಗೆ ಅಷ್ಟಮಂಗಲ ಪ್ರಶ್ನೆ

"ಸರ್, ಮಳೆಗಾಲದ ಉಚಿತ ತಪಾಸಣೆ ಶಿಬಿರ ಉಂಟು. 40 ಪಾಯಿಂಟ್ ಚೆಕಪ್. ಕಾರು ತಂದ್ರೆ ಸಾಕು, ಒಂದು ರೂಪಾಯಿ ಕೊಡುದು ಬೇಡ."

ಈ ಫೋನ್ ನಿಮಗೂ ಬಂದಿರುತ್ತದೆ. ಮಂಗಳೂರು ಉಡುಪಿ ನಡುವೆ ಕಾರು ಇಟ್ಟುಕೊಂಡವರಿಗೆ ಮುಂಗಾರು ತಡವಾಗಬಹುದು, ಈ ಫೋನ್ ತಡವಾಗುವುದಿಲ್ಲ. ಶಿಬಿರದ ಉದ್ಘಾಟನೆಯ ಫೋಟೋ ಪೇಪರಿನಲ್ಲೂ ಬಂದಿತ್ತು. ದೀಪ ಬೆಳಗುವವರು ಐದು ಮಂದಿ, ಅವರ ಹಿಂದೆ ಬಾನೆಟ್ ತೆರೆದು ಬಾಯಿ ಬಿಟ್ಟುಕೊಂಡು ನಿಂತ ಒಂದು ಬಡಪಾಯಿ ಕಾರು. ನನಗೆ ಆಗಲೇ ಗೊತ್ತಾಗಬೇಕಿತ್ತು. ಉಚಿತ ಕಣ್ಣಿನ ಶಿಬಿರಕ್ಕೆ ಹೋದವರು ಕನ್ನಡಕ ಇಲ್ಲದೆ ವಾಪಸು ಬಂದದ್ದುಂಟೇ?

ನನ್ನ ಕಾರಿಗೆ ಐದು ವರ್ಷ, ಓಡಿದ್ದು 38,000 ಕಿಲೋಮೀಟರ್. ಅದರಲ್ಲಿ ಹೆಚ್ಚಿನದ್ದು ಕದ್ರಿಯಿಂದ ಹಂಪನಕಟ್ಟೆಗೆ, ಉಳಿದದ್ದು ಭಾನುವಾರ ಉಡುಪಿಯ ಮಾವನ ಮನೆಗೆ. ಬೆಳಿಗ್ಗೆ ಒಂಬತ್ತಕ್ಕೆ ವರ್ಕ್‌ಶಾಪಿನ ಗೇಟು ದಾಟುವಾಗ ಅದು ಎಲ್ಲರ ಕಾರಿನಂತೆ ಒಂದು ಕಾರು. ಹನ್ನೊಂದಕ್ಕೆ ವಾಟ್ಸಾಪಿನಲ್ಲಿ ಎಸ್ಟಿಮೇಟ್ ಬಂತು. 11 ಐಟಂ, ತೆರಿಗೆ ಸೇರಿ 21,712 ರೂಪಾಯಿ. ಪಂಪ್‌ವೆಲ್‌ನಲ್ಲಿ ಒಂದು ಫ್ಲೈಓವರ್ ಮುಗಿಸಲು ಸುಮಾರು ಹತ್ತು ವರ್ಷ ಹಿಡಿದ ಊರು ನಮ್ಮದು. ಅಂಥ ಊರಿನಲ್ಲಿ ಎರಡೇ ಗಂಟೆಗೆ ಹನ್ನೊಂದು ಕಾಮಗಾರಿ ಹುಡುಕಿ, ಅಂದಾಜು ಪಟ್ಟಿಯನ್ನೂ ತಯಾರು ಮಾಡುವ ಇಲಾಖೆ ಉಂಟು ಎಂಬುದು ಅಭಿಮಾನದ ವಿಷಯವೇ.

ಇದು ನಮಗೆ ಹೊಸತಲ್ಲ, ಮಾರಾಯ್ರೆ. ಕುಟುಂಬದ ಮನೆಯಲ್ಲಿ ಜ್ಯೋತಿಷಿಯನ್ನು ಕರೆಸಿ, ಕವಡೆ ಹಾಕಿಸಿ ಅಷ್ಟಮಂಗಲ ಪ್ರಶ್ನೆ ಇಟ್ಟವರಿಗೆ ಈ ದಾರಿ ಪರಿಚಿತ. ದನ ಹಾಲು ಕೊಡುವುದಿಲ್ಲ ಎಂದು ಕೇಳಲು ಹೋಗಿರುತ್ತೇವೆ. ಕವಡೆ ಮಗುಚಿದ ಮೇಲೆ ಒಂದೊಂದೇ ಹೊರಗೆ ಬರುತ್ತದೆ. ನಾಗನಿಗೆ ಅಸಮಾಧಾನ ಉಂಟು. ದೈವಕ್ಕೆ ಹೇಳಿಕೊಂಡ ಹರಕೆ ಬಾಕಿ. ನಾಲ್ಕು ತಲೆಮಾರಿನ ಹಿಂದೆ ಬಾವಿಗೆ ಬಿದ್ದ ಒಬ್ಬಳು ಅಜ್ಜಿಗೆ ಇನ್ನೂ ಮೋಕ್ಷ ಸಿಕ್ಕಿಲ್ಲ. ಆಶ್ಲೇಷಾ ಬಲಿ ಆಗಬೇಕು, ತಿಲಹೋಮ ಆಗಬೇಕು, ಕುಕ್ಕೆಗೆ ಹೋಗಿ ಸರ್ಪಸಂಸ್ಕಾರ ಆಗಬೇಕು. ದನದ ಸಂಗತಿ ಅಷ್ಟು ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ, ದನಕ್ಕೂ. ಆದರೆ ಪ್ರಶ್ನೆಯಲ್ಲಿ ಒಂದು ಮರ್ಯಾದೆ ಉಂಟು. ಕುಟುಂಬದವರೆಲ್ಲ ಚಾಪೆ ಹಾಕಿ ಕೂತಿರುತ್ತಾರೆ. ದೊಡ್ಡಪ್ಪ ಎದ್ದು, "ಆ ಅಜ್ಜಿ ನಮ್ಮವಳಲ್ಲ, ಆಚೆ ಮನೆಯವಳು" ಎಂದು ತಕರಾರು ತೆಗೆಯಬಹುದು. ಮಧ್ಯಾಹ್ನ ಊಟವೂ ಉಂಟು. ವರ್ಕ್‌ಶಾಪಿನ ಏಸಿ ಕೋಣೆಯಲ್ಲಿ ನೀವು ಒಬ್ಬರೇ. ಕಾಗದದ ಕಪ್ಪಿನಲ್ಲಿ ಮೆಷಿನ್ ಚಾ.

ನಮ್ಮ ಸರ್ವಿಸ್ ಅಡ್ವೈಸರ್ ಇಪ್ಪತ್ತನಾಲ್ಕು ಇಪ್ಪತ್ತೈದರ ಹುಡುಗ. ಟ್ಯಾಬ್ ಹಿಡಿದುಕೊಂಡು ವಿವರಿಸಿದ. ಇಂಜಿನಿನ ಒಳಗಿನ ಮಸಿ ತೆಗೆಯುವ ಡೀಕಾರ್ಬನೈಸಿಂಗ್, ಅಂದರೆ ಪಂಚಕರ್ಮ. ಥ್ರೋಟಲ್ ಬಾಡಿ ಕ್ಲೀನಿಂಗ್, ಅಂದರೆ ಗಂಟಲು ತೊಳೆಯುವುದು. ಏಸಿಗೆ ಡಿಸ್‌ಇನ್ಫೆಕ್ಷನ್, ಲಿಂಬೆ ಪರಿಮಳ ಬರುವ ಒಂದು ಧೂಮ. ಇವೆಲ್ಲ ಎಂದಿಗೂ ಬೇಡವೇ ಬೇಡ ಎನ್ನುವಷ್ಟು ಪಂಡಿತ ನಾನಲ್ಲ. ಕೆಲವು ಕಾರಿಗೆ, ಕೆಲವು ಕಾಲಕ್ಕೆ ಬೇಕಾಗುತ್ತದೆ. ಆದರೆ ಕಂಪನಿಯವರೇ ಬರೆದು ಕೊಟ್ಟ ಒಂದು ಪುಸ್ತಕ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಉಂಟಲ್ಲ, ಕಟೀಲಿನ ಪ್ರಸಾದದ ಪೊಟ್ಟಣದ ಅಡಿಯಲ್ಲಿ, ಪ್ಲಾಸ್ಟಿಕ್ ಹರಿಯದೆ? ಅದನ್ನು ಮೊದಲ ಬಾರಿಗೆ ಅಲ್ಲಿಯೇ ಕೂತು ಓದಿದೆ. ಎಷ್ಟು ಕಿಲೋಮೀಟರಿಗೆ ಎಂತ ಬದಲಿಸಬೇಕು ಎಂದು ಕೋಷ್ಟಕವೇ ಉಂಟು. ನನ್ನ ಕಾರಿನ ಕೋಷ್ಟಕದಲ್ಲಿ ಪಂಚಕರ್ಮ ಇಲ್ಲ. ಕಾರು ಕಟ್ಟಿದವನಿಗೆ ಗೊತ್ತಿಲ್ಲದ ರೋಗ ಕಾರು ಮಾರಿದವನಿಗೆ ಗೊತ್ತು.

ಒಂದು ಸೂಕ್ಷ್ಮ ಗಮನಿಸಿ. ಹೊಸ ಪಾರ್ಟ್ ಹಾಕಿದರೆ ನಾವು "ಹಳತು ಎಲ್ಲಿ, ಕೊಡಿ" ಎಂದು ಕೇಳಬಹುದು, ಕೇಳಲೇಬೇಕು. ಕ್ಲೀನಿಂಗ್ ಮಾಡಿದರೆ ಕೇಳುವುದು ಎಂತದನ್ನು? ಕೊಳೆಯನ್ನೇ? ಹೆಣ ಇಲ್ಲದ ಕೇಸು ಅದು. ಹಾಗಾಗಿಯೇ ಪಟ್ಟಿಯಲ್ಲಿ ಪಾರ್ಟು ಕಡಿಮೆ, ತೊಳೆಯುವುದು, ಸಿಂಪಡಿಸುವುದು, ಬಳಿಯುವುದು ಜಾಸ್ತಿ. ಕೊನೆಗೆ ಟಯರಿಗೆ ನೈಟ್ರೋಜನ್ ತುಂಬಿಸುವುದಾ ಎಂದೂ ಕೇಳಿದ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್. ಪಣಂಬೂರಿನ ಕಡಲ ದಂಡೆಯಲ್ಲಿ ಅದು ಧರ್ಮಕ್ಕೆ ಬೀಸುತ್ತದೆ.

ಇನ್ನು ಅಂಡರ್‌ಬಾಡಿ ಕೋಟಿಂಗ್, 4,800. ಇಲ್ಲಿ ನಾನು ಸ್ವಲ್ಪ ಮೆತ್ತಗಾದೆ, ಏಕೆಂದರೆ ತುಕ್ಕು ನಮ್ಮಲ್ಲಿ ನಿಜ. ವರ್ಷಕ್ಕೆ ಮೂರೂವರೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ, ಉಳಿದ ದಿನ ಉಪ್ಪು ಗಾಳಿ. ಕಿಟಕಿಯ ಸರಳೇ ನಾಲ್ಕು ವರ್ಷಕ್ಕೆ ಹಪ್ಪಳವಾಗುತ್ತದೆ. ಆದರೆ ಹುಡುಗ ಕೊಟ್ಟ ಕಾರಣ ಬೇರೆ. "ಸರ್, ಹೈವೇಯಲ್ಲಿ ಮೀನಿನ ಲಾರಿ ನೀರು ಬೀಳ್ತದಲ್ಲ, ಅದು ಅಡಿಗೆ ಹಾರಿ ಪೂರಾ ತಿನ್ತದೆ."

ಮೀನಿನ ಲಾರಿ ಎಂದಾಕ್ಷಣ ಕರಾವಳಿಯ ಯಾವ ಕಾರಿನವನಿಗೂ ಮಂಡೆ ಬಿಸಿಯಾಗುತ್ತದೆ. ಮಲ್ಪೆಯಿಂದ ಹೊರಟ ಲಾರಿಯ ಹಿಂದೆ ಸಿಕ್ಕಿಕೊಂಡು, ಓವರ್‌ಟೇಕ್ ಮಾಡಲು ಜಾಗವಿಲ್ಲದೆ, ಬೂತಾಯಿಯ ಮಂಜುಗಡ್ಡೆ ನೀರಿನ ಅಭಿಷೇಕ ಮಾಡಿಸಿಕೊಳ್ಳದ ವಿಂಡ್‌ಶೀಲ್ಡ್ ನಮ್ಮ ಎರಡು ಜಿಲ್ಲೆಯಲ್ಲಿ ಇಲ್ಲ. ವೈಪರ್ ಹಾಕಿದರೆ ಇನ್ನೂ ಚೆಂದ, ಗಾಜಿನ ಮೇಲೆ ಎಣ್ಣೆಯ ಕಾಮನಬಿಲ್ಲು ಮೂಡುತ್ತದೆ. ನನ್ನ ಭಾವ ಒಬ್ಬರು ಶುದ್ಧ ಸಸ್ಯಾಹಾರಿ. ಒಮ್ಮೆ ಹಾಗೆ ಅಭಿಷೇಕವಾದ ಕಾರನ್ನು ಮಠದ ಪಾರ್ಕಿಂಗಿನಲ್ಲಿ ನಿಲ್ಲಿಸಿ ದರ್ಶನ ಮುಗಿಸಿ ಬರುವಷ್ಟರಲ್ಲಿ ಬಾನೆಟ್ ಮೇಲೆ ಮೂರು ಬೆಕ್ಕು ಧ್ಯಾನಕ್ಕೆ ಕೂತಿದ್ದವಂತೆ. ಇರಲಿ. ನಾನು ಹುಡುಗನಿಗೆ ನೆನಪಿಸಿದ್ದು ಇಷ್ಟೇ: ಜೂನ್ 1ರಿಂದ ಜುಲೈ 31ರ ವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ದಕ್ಕೆಯಲ್ಲಿ ಕಟ್ಟಿ ಹಾಕಿಕೊಂಡು ಮಲಗಿವೆ. ನನ್ನ ಕಾರಿನ ಹೊಟ್ಟೆಗೆ ಮಾತ್ರ ಮೀನಿನ ನೀರು ತಪ್ಪಲಿಲ್ಲವಲ್ಲ ತಮ್ಮಾ? ಹುಡುಗ ನಕ್ಕ. ಟ್ಯಾಬ್ ನಗಲಿಲ್ಲ.

ಏರ್ ಫಿಲ್ಟರ್ ಹೋಗಿದೆ ಎಂದು ಒಂದು ಫೋಟೋ ಕಳಿಸಿದ್ದರು. ಕಪ್ಪೆಂದರೆ ಕಪ್ಪು, ಕಾಡಿಗೆ ಡಬ್ಬಿಯಂತೆ. ನನಗೆ ಅನುಮಾನ ಬಂತು, ಏಕೆಂದರೆ ಏಪ್ರಿಲಿನಲ್ಲಿ ನಾನೇ ಹೊಸತು ತಂದು ಹಾಕಿದ್ದೆ. "ನನ್ನದೇ ಫಿಲ್ಟರ್ ತಂದು ತೋರಿಸಿ" ಎಂದೆ. ಹತ್ತು ನಿಮಿಷ ಬಿಟ್ಟು ತಂದರು. ಹಾಲಿನಂತೆ ಬಿಳಿ. ಜೊತೆಗೆ ಅದೇ ಡಬ್ಬಿಯಲ್ಲಿ ಸಿಕ್ಕಿದ ಹದಿನಾಲ್ಕು ಹಲಸಿನ ಬೀಜ. ನಮ್ಮ ಮನೆಯ ಇಲಿ ಆಷಾಢಕ್ಕೆ ಮಾಡಿಟ್ಟ ದಾಸ್ತಾನು ಅದು. ಹಾಗಾದರೆ ಆ ಕರಿಯ ಫಿಲ್ಟರ್ ಯಾರದ್ದು? ನನ್ನ ಊಹೆ, ಅದು ಯಾರದ್ದೂ ಅಲ್ಲ. ಅದು ಉತ್ಸವ ಮೂರ್ತಿ. ಮೂಲ ವಿಗ್ರಹ ಒಳಗೇ ಇರುತ್ತದೆ, ಭಕ್ತರಿಗೆ ದರ್ಶನ ಕೊಡಲು ಇದೊಂದನ್ನು ಹೊರಗೆ ತರುತ್ತಾರೆ.

ಇಲಿ ಬಾರದಂತೆ ಒಂದು ಸ್ಪ್ರೇ, 1,100 ರೂಪಾಯಿ, ಪಟ್ಟಿಯಲ್ಲಿ ಇದ್ದೇ ಇತ್ತು. ಆದರೆ ಇಲಿ ನಿಜವಾಗಿ ಬಂದು, ಬಿಡಾರ ಹೂಡಿ, ಹದಿನಾಲ್ಕು ಬೀಜ ಎಣಿಸಿಟ್ಟದ್ದು 40 ಪಾಯಿಂಟ್ ಚೆಕಪ್ಪಿನಲ್ಲಿ ಯಾರಿಗೂ ಕಾಣಲಿಲ್ಲ. ಮಾವನವರು ಹಿಂದಿನ ವರ್ಷ ಇಂಜಿನ್ ಸಂದಿಗೆ ಹೊಗೆಸೊಪ್ಪು ಇಟ್ಟಿದ್ದರು. ಇಲಿ ಅದನ್ನೇ ಹಾಸಿಕೊಂಡು ಮಲಗಿತ್ತು.

ನನಗಾದರೂ ತರ್ಕ ಮಾಡುವ ಚಟ ಉಂಟು. ಉಡುಪಿಯಲ್ಲಿ ಟೀಚರ್ ಆಗಿರುವ ನನ್ನ ನಾದಿನಿ ಕಾರು ಒಯ್ದರೆ ಮೊದಲ ಪ್ರಶ್ನೆ, "ಸರ್ ಬರ್ಲಿಲ್ವಾ ಮ್ಯಾಡಂ?" ಸರ್ ಬರಲಿಲ್ಲ ಎಂದು ಖಾತ್ರಿಯಾದ ಮೇಲೆ ಪಟ್ಟಿ ಎರಡು ಐಟಂ ಉದ್ದವಾಗುತ್ತದೆ. ಕೊನೆಯ ಅಸ್ತ್ರ ಎಲ್ಲರಿಗೂ ಒಂದೇ: "ಹೊರಗೆ ಮಾಡಿಸಿದ್ರೆ ವಾರಂಟಿ ಹೋಗ್ತದೆ." ಈ ಮಾತಿಗೆ ಒಂದು ಹಳೆಯ ಉತ್ತರ ಉಂಟು. 2014ರ ಆಗಸ್ಟ್‌ನಲ್ಲಿ ಭಾರತದ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಎರಡೂವರೆ ಸಾವಿರ ಕೋಟಿಗೂ ಮಿಕ್ಕಿದ ದಂಡ ಹಾಕಿ, ಬಿಡಿಭಾಗ ಹೊರಗೂ ಸಿಗಬೇಕು, ಬೇರೆ ಗ್ಯಾರೇಜಿಗೆ ಹೋದ ಒಂದೇ ಕಾರಣಕ್ಕೆ ವಾರಂಟಿ ಪೂರಾ ರದ್ದು ಎನ್ನುವ ಹಾಗಿಲ್ಲ ಎಂದಿತ್ತು. ಆಮೇಲೆ ಮೇಲ್ಮನವಿ, ಮತ್ತೆ ಮೇಲ್ಮನವಿ. ಆ ಆದೇಶವೂ ನನ್ನ ಡ್ಯಾಶ್‌ಬೋರ್ಡಿನ ಪುಸ್ತಕದಂತೆ ಪ್ಲಾಸ್ಟಿಕ್ ಹರಿಯದೆ ಎಲ್ಲೋ ಇರಬೇಕು.

ಹಾಗೆಂದು ಹೊರಗಿನ ಗ್ಯಾರೇಜಿನವನನ್ನು ಸಂತ ಮಾಡಲು ನಾನು ತಯಾರಿಲ್ಲ. ನಮ್ಮ ಬೀದಿಯ ಕೊನೆಗೆ ಒಬ್ಬರಿದ್ದಾರೆ, ಅವರದ್ದು ಬೇರೆಯೇ ಮತ. ಏನು ಸದ್ದು ಬಂದರೂ "ಅದು ಎಂತ ಆಗುದಿಲ್ಲ ಸರ್." ಸ್ಟೇರಿಂಗ್ ನಡುಗಿದರೆ ಎಂತ ಆಗುದಿಲ್ಲ, ಆಯಿಲ್ ಸೋರಿದರೆ ಎಂತ ಆಗುದಿಲ್ಲ, ಬಾಗಿಲು ಕೈಗೆ ಬಂದರೂ ಎಂತ ಆಗುದಿಲ್ಲ. "ನಾಳೆ ಕೊಡ್ತೇನೆ" ಎಂದರೆ ಎಂಟು ದಿನ. ಒಂದು ಕಡೆ ಎಲ್ಲವೂ ಹೋಗಿದೆ ಎನ್ನುವ ಮತ, ಇನ್ನೊಂದು ಕಡೆ ಯಾವುದೂ ಹೋಗುವುದಿಲ್ಲ ಎನ್ನುವ ಮತ. ನಡುವೆ ನಾವು, ಇಎಂಐ ಕಟ್ಟುವ ಸಾಧಕರು.

ಪಟ್ಟಿಯ ಒಂಬತ್ತನೆಯ ಸಾಲಿನಲ್ಲಿ ಬ್ರೇಕ್ ಪ್ಯಾಡ್ ಇತ್ತು. 3,900.

ಎರಡು ವರ್ಷದ ಹಿಂದೆಯೂ ಪ್ಯಾಡ್ ಹೋಗಿದೆ ಎಂದಿದ್ದರು. ಹೊರಗೆ ಚಕ್ರ ಬಿಚ್ಚಿಸಿ ನೋಡಿದರೆ ಆರು ಮಿಲಿಮೀಟರ್ ಇತ್ತು. ಹೊಸತಕ್ಕೆ ಹತ್ತು ಹನ್ನೆರಡು ಇರುತ್ತದೆ, ಮೂರರ ಹತ್ತಿರ ಬಂದಾಗ ಬದಲಿಸಿದರೆ ಸಾಕು. ಕಳೆದ ವರ್ಷವೂ ಹೋಗಿದೆ ಎಂದರು, ನಾನು ಬಿಚ್ಚಿಸಿ ನೋಡಲೂ ಇಲ್ಲ. ಈ ಸಲವೂ ಅದೇ ಸಾಲು, ಅದೇ ಕೆಂಪು ಬಣ್ಣ, ಲಿಂಬೆ ಪರಿಮಳದ ಧೂಮಕ್ಕೂ ನೈಟ್ರೋಜನ್‌ಗೂ ಕೊಟ್ಟ ಅದೇ ಗಾಬರಿಯ ದನಿ. ನಾನು ಒಂಬತ್ತನ್ನೂ ಸೇರಿಸಿ ಎಲ್ಲದಕ್ಕೂ ಬೇಡ ಎಂದು ಒತ್ತಲು ಬೆರಳು ಎತ್ತಿದ್ದೆ.

ಇದನ್ನು ತಮಾಷೆಯಾಗಿ ಬರೆಯಲು ನನಗೆ ಆಗುವುದಿಲ್ಲ. ಲೈಟ್‌ಹೌಸ್ ಹಿಲ್ ಇಳಿಯುವಾಗ, ಜಡಿಮಳೆಯಲ್ಲಿ, ಎದುರಿಗೆ ಮಕ್ಕಳನ್ನು ತುಂಬಿಕೊಂಡ ರಿಕ್ಷಾ ಇರುವಾಗ ಬೇಕಾಗುವ ವಸ್ತು ಅದು. ಹತ್ತು ಸುಳ್ಳಿನ ರಾಶಿಯಲ್ಲಿ ಒಂದು ನಿಜವನ್ನು ಹೂತಿಟ್ಟು, ಕೊಳ್ಳುವವನೇ ಹುಡುಕಿಕೊಳ್ಳಲಿ ಎಂದು ಬಿಡುವುದಕ್ಕೆ ವ್ಯಾಪಾರ ಎನ್ನುವುದಿಲ್ಲ. ಗ್ರಾಹಕ ಆಯೋಗಕ್ಕೆ ಹೋಗಿ ಎನ್ನುತ್ತೀರಿ. ಗೊತ್ತುಂಟು, ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಐದು ಲಕ್ಷದ ವರೆಗಿನ ದೂರಿಗೆ ಶುಲ್ಕವೂ ಇಲ್ಲ. ಸಾವಿರದ ನಾನ್ನೂರು ರೂಪಾಯಿಯ ಧೂಮಕ್ಕೆ ಯಾರು ರಜೆ ಹಾಕಿ ಅಲೆಯುತ್ತಾರೆ? ಯಾರೂ ಅಲೆಯುವುದಿಲ್ಲ ಎಂಬ ಲೆಕ್ಕ ಹಾಕಿಯೇ ಆ ದರ ಇಟ್ಟದ್ದು. ಹುಡುಗನನ್ನು ಬೈದು ಪ್ರಯೋಜನ ಇಲ್ಲ. ಅವನ ತಲೆಯ ಮೇಲೆ ತಿಂಗಳ ಟಾರ್ಗೆಟ್ ಉಂಟು, ಇಷ್ಟು ಕಾರಿಗೆ ಇಷ್ಟು ಧೂಮ ಮಾರಬೇಕು ಎಂದು. ಅಮೆರಿಕದಲ್ಲೂ ಇದೇ ಆದದ್ದು. 1992ರಲ್ಲಿ ಕ್ಯಾಲಿಫೋರ್ನಿಯಾದ ಸರಕಾರ ಗ್ರಾಹಕರ ವೇಷದಲ್ಲಿ ಜನ ಕಳಿಸಿ ಸಿಯರ್ಸ್ ಎಂಬ ದೊಡ್ಡ ಕಂಪನಿಯ ಗ್ಯಾರೇಜುಗಳನ್ನು ಹಿಡಿಯಿತು, ಬೇಡದ ರಿಪೇರಿ ಮಾರುತ್ತಾರೆ ಎಂದು. ಬುಡ ಅಗೆದರೆ ಸಿಕ್ಕಿದ್ದು ನೌಕರರಿಗೆ ಕೊಟ್ಟ ಟಾರ್ಗೆಟ್ ಮತ್ತು ಕಮಿಷನ್. ಕಂಪನಿ ಅದನ್ನು ಆಮೇಲೆ ಕೈಬಿಟ್ಟಿತು. ಮೂವತ್ತು ಚಿಲ್ಲರೆ ವರ್ಷ ಕಳೆದು ಅದು ನಮ್ಮ ಹೆದ್ದಾರಿ ಬದಿಗೆ ಬಂದು ದೀಪ ಬೆಳಗಿಸಿಕೊಂಡು ಕೂತಿದೆ.

ನನ್ನ ಬೆರಳು ಎತ್ತಿದಲ್ಲೇ ಇತ್ತು. ಹುಡುಗ ಹಿಂದೆ ತಿರುಗಿ ನೋಡಿದ. ಗಾಜಿನ ಕೋಣೆಯಲ್ಲಿ ಮ್ಯಾನೇಜರ್ ಫೋನಿನಲ್ಲಿದ್ದರು. ಅವನು ಟ್ಯಾಬನ್ನು ಮಗುಚಿ ಹಿಡಿದು ದನಿ ತಗ್ಗಿಸಿದ.

"ಬ್ರೇಕ್ ಒಂಜಿ ಮಲ್ಪಾಲೆ ಸರ್. ಬೊಕ್ಕದವು ಪೂರಾ ಬುಡ್ಲೆ."

ಅಷ್ಟು ಹೊತ್ತೂ ಎಸ್ಟಿಮೇಟ್ ಇಂಗ್ಲಿಷಿನಲ್ಲಿತ್ತು, ವಿವರಣೆ ಕನ್ನಡದಲ್ಲಿತ್ತು. ನಿಜ ಮಾತ್ರ ತುಳುವಿನಲ್ಲಿ ಬಂತು: ಬ್ರೇಕ್ ಒಂದು ಮಾಡಿಸಿ, ಉಳಿದದ್ದೆಲ್ಲ ಬಿಡಿ. ಕಾರು ಬಿಚ್ಚುವ ಶೆಡ್ಡಿನ ಒಳಗೆ ಕರೆದುಕೊಂಡು ಹೋಗಿ ಚಕ್ರ ಕಳಚಿದ ಜಾಗ ತೋರಿಸಿದ. ಎರಡು ಮಿಲಿಮೀಟರ್ ಇತ್ತೋ ಇಲ್ಲವೋ. ಬಾಕಿ ಹತ್ತನ್ನೂ ಬಿಟ್ಟು ತೆರಿಗೆ ಸೇರಿ 4,602 ಕೊಟ್ಟೆ. ಹಳೆಯ ಪ್ಯಾಡನ್ನು ಪೇಪರಿನಲ್ಲಿ ಕಟ್ಟಿಸಿಕೊಂಡೆ, ಹದಿನಾಲ್ಕು ಬೀಜವನ್ನೂ ಸೇರಿಸಿ. ಬೀಜ ಸಂಜೆಯ ಸಾರಿಗೆ ಆಯಿತು.

ಗೇಟಿನವರೆಗೆ ಬಂದು ಹುಡುಗ ಕೇಳಿಕೊಂಡ. "ನಾಳೆ ಕಂಪನಿಯಿಂದ ಫೋನ್ ಬರ್ತದೆ ಸರ್, 10ಕ್ಕೆ 10 ಕೊಡಿ. 9 ಕೊಟ್ರೆ ನನಗೆ ಸೊನ್ನೆ ಅಂತ ಲೆಕ್ಕ."

ಮರುದಿನ ಫೋನ್ ಬಂತು. ಹೆಣ್ಣು ಧ್ವನಿ, ಬೆಂಗಳೂರಿನ ಕನ್ನಡ. ನಮ್ಮ ಸಲಹೆಗಾರರು ನಿಮ್ಮ ವಾಹನಕ್ಕೆ ಅಗತ್ಯವಿರುವ ಎಲ್ಲ ಸೇವೆಗಳನ್ನು ಸರಿಯಾಗಿ ವಿವರಿಸಿದರೇ ಎಂದು ಕೇಳಿದಳು. ಹೌದು, ಬಹಳ ಚೆನ್ನಾಗಿ ವಿವರಿಸಿದರು ಎಂದೆ. ಯಾವ ಭಾಷೆಯಲ್ಲಿ ಎಂದು ಅವಳು ಕೇಳಲಿಲ್ಲ, ನಾನು ಹೇಳಲೂ ಇಲ್ಲ.

ಹತ್ತು ಕೊಟ್ಟೆ.