ರೊಟ್ಟಿ ಮೇಕರ್ ತರಿಸೋಕಿಂತ ಮೊದಲು ಹಿಟ್ಟಿನ ಡಬ್ಬಿ ತಗದು ನೋಡ್ರಿ

ಮಳಿ ಹಿಡೀತಂದ್ರ ಹುಬ್ಬಳ್ಳಿ-ಧಾರವಾಡದಾಗ ಯಾರ ಮನಿಗೆ ಹೋದ್ರೂ ಮಾತು ಹವಾದಿಂದ ಶುರುವಾಗಿ ರೊಟ್ಟಿಗೆ ಬಂದು ನಿಲ್ತೈತಿ. "ಏನ್ ಥಂಡಿರೀ ವೈನಿ, ಊಟ ಆತೇನ್ರಿ?" "ಆತ್ರೀ. ಆದ್ರ ಈ ಸಲ ರೊಟ್ಟಿ ಬಡಿಯಾಕ ಬರವಲ್ವು, ಹಂಚಿಗೆ ಹಾಕೂದ್ರಾಗ ಹರೀತಾವು. ರೊಟ್ಟಿ ಮೇಕರ್ ತರಿಸಬೇಕಂತ ಮಾಡೇವಿ."

ಜೋಳದ ರೊಟ್ಟಿ ಸಲುವಾಗಿ ಅದನ್ನ ತರಿಸಬ್ಯಾಡ್ರಿ. ಎರಡು ಕಾಯೋ ತಟ್ಟಿ ನಡುವ ಉಂಡಿ ಇಟ್ಟು ಒತ್ತೋ ಆ ಕರೆಂಟಿನ ಯಂತ್ರ ಗೋಧಿ ಹಿಟ್ಟಿಗೆ ಮಾಡಿದ್ದು. ಗೋಧಿಯೊಳಗ ಗ್ಲುಟೆನ್ ಅನ್ನೋ ಜಿಗಿ ಅಂಶ ಐತಿ, ಒತ್ತಿದ್ರ ಹಿಗ್ಗತೈತಿ, ಒಳಗಿನ ಹಬಿ ಹಿಡದು ಉಬ್ಬತೈತಿ. ಜೋಳದಾಗ ಗ್ಲುಟೆನ್ ಇಲ್ಲ. ಕಾದ ತಟ್ಟಿ ಮುಟ್ಟಿದ ಕೂಡ್ಲೆ ಮ್ಯಾಲ ಕೆಳಗ ಪದರು ಬಿರುಸಾಗ್ತೈತಿ, ಇನ್ನೂ ಹರಡೇ ಇರೂದಿಲ್ಲ. ಒಳಗಿನ ನೀರು ಹಬಿಯಾಗಿ ಹೊರಗ ಬರಾಕ ದಾರಿ ಹುಡುಕಿ ಅಂಚು ಸೀಳತೈತಿ. ಅಂಗಡಿಯವ್ರು "ಅರ್ಧ ಗೋಧಿ ಹಿಟ್ಟು ಕೂಡಸ್ರಿ, ಛಲೋ ಬರ್ತಾವು" ಅಂತಾರ. ಬರ್ತಾವು ಖರೆ, ಆದ್ರ ಎಣ್ಣಿಗಾಯಿ ಜೋಡಿ ತಿನ್ನೋ ನಮ್ಮ ರೊಟ್ಟಿ ಅದಲ್ಲ.

ರೊಟ್ಟಿ ಹರಿಯೋದಕ್ಕ ಹತ್ತರಾಗ ಒಂಬತ್ತು ಸಲ ಕಾರಣ ಕೈ ಅಲ್ಲ, ಹಿಟ್ಟು. ಅದರಾಗೂ ಮೊದಲು ಕಾಳು. ಹಿಂಗಾರಿ ಬಿಳಿಜೋಳ, ಅಂದ್ರ ನಮ್ಮ ಮಾಲದಂಡಿ (ಎಂ 35-1 ಅನ್ನೋ ತಳಿ), ಎರಿಭೂಮಿಯೊಳಗ ಸೆಪ್ಟೆಂಬರ್-ಅಕ್ಟೋಬರದಾಗ ಬಿತ್ತಿ, ನೆಲದಾಗಿನ ಹಸಿ ಮ್ಯಾಲ ಬೆಳದು, ಫೆಬ್ರುವರಿ-ಮಾರ್ಚದ ಒಣ ಹವಾದಾಗ ಕೊಯ್ಲಿಗೆ ಬರ್ತೈತಿ. ಅದಕ್ಕ ಕಾಳು ಮುತ್ತಿನಂಗ ಇರ್ತೈತಿ. ಮುಂಗಾರಿ ಹೈಬ್ರಿಡ್ ಜೋಳದ ತೆನಿ ಮಾಗೂ ಹೊತ್ತಿಗೆ ಮಳಿ ಸಿಕ್ತಂದ್ರ ಬೂಸರು ಹತ್ತಿ ಕಾಳು ಕಪ್ಪಗಾಗ್ತೈತಿ, ಒಳಗಿನ ಪಿಷ್ಟ ಮುರೀತೈತಿ. ಅಂಥ ಹಿಟ್ಟಿಗೆ ಎಷ್ಟು ನಾದಿದ್ರೂ ಜಿಗಿ ಬರೂದಿಲ್ಲ. ಕಿಲೋಕ್ಕ ನಾಕ್ ರೂಪಾಯಿ ಉಳಸಾಕ ಹೋಗಿ ಎರಡೂ ಕೂಡಿದ ಮಾಲು ತರಬ್ಯಾಡ್ರಿ. ಒಂದು ಮುಷ್ಟಿ ಕೈಯಾಗ ಹಿಡದು ನೋಡ್ರಿ: ಕಾಳಿನ ಮೈಮ್ಯಾಲ ಬೂಸರಿನ ಕರಿ ಕಲಿ ಇದ್ರ ಬಿಡ್ರಿ. ಎರಡು ಕಾಳು ಹಲ್ಲಾಗ ಹಾಕಿ ಕಡದ್ರ ಕಟ್ ಅಂತ ಮುರೀಬೇಕು. ಮೆತ್ತಗ ಚಪ್ಪಟ್ಟಾದ್ರ ಹಸಿ ಐತಿ ಅಂತ ಅರ್ಥ, ಡಬ್ಬಿಯೊಳಗ ತಿಂಗಳಾಗೂದ್ರಾಗ ನುಸಿ ಬೀಳ್ತೈತಿ.

ಇನ್ನ ಬೀಸಿದ ಮ್ಯಾಲಿನ ಲೆಕ್ಕ. ಜೋಳದ ಮೊಳಕಿ ಭಾಗದಾಗ ಎಣ್ಣಿ ಅಂಶ ಇರ್ತೈತಿ. ಕಾಳು ಇಡಿಯಾಗಿ ಇರೂತನಕ ಅದಕ್ಕ ಏನೂ ಆಗೂದಿಲ್ಲ. ಬೀಸಿದ ಕೂಡ್ಲೆ ಗಾಳಿ ತಾಗಿ ಕೆಡಾಕ ಶುರುವಾಗ್ತೈತಿ, ಹಿಟ್ಟು ಕಹಿ ಆಗ್ತೈತಿ, ಜಿಗಿ ಹೋಗ್ತೈತಿ. ಬ್ಯಾಸಗಿ, ಮಳಿಗಾಲ ಎರಡರಾಗೂ 15 ದಿನಕ್ಕ ಸಾಕಾಗೂವಷ್ಟ ಬೀಸಸ್ರಿ, ಅದಕ್ಕಿಂತ ಹೆಚ್ಚ ಬ್ಯಾಡ. ಪಾಕೀಟಿನ ಹಿಟ್ಟು ತರೂದಾದ್ರ ಬೀಸಿದ ತಾರೀಖು ನೋಡ್ರಿ, "ಇಷ್ಟು ತಿಂಗಳು ಬರ್ತೈತಿ" ಅನ್ನೋ ತಾರೀಖು ನಂಬಬ್ಯಾಡ್ರಿ. ಆರು ತಿಂಗಳು ತಿನ್ನಾಕ ಬರಬಹುದು, ಬಡಿಯಾಕ ಬರೂದಿಲ್ಲ.

ಗಿರಣಿಯಿಂದ ಬಂದ ಹಿಟ್ಟು ಬಿಸಿ ಇರ್ತೈತಿ. ಹಂಗ ಡಬ್ಬಿ ಮುಚ್ಚಿದ್ರ ಮುಚ್ಚಳದ ಒಳಗ ಬೆವರಿಳದು ಹಿಟ್ಟು ಗಂಟಾಗ್ತೈತಿ. ಅರ್ಧ ತಾಸು ಅರಿವಿ ಮ್ಯಾಲ ಹರವಿ, ಪೂರ್ತಿ ಆರಿದ ಮ್ಯಾಲ ತುಂಬ್ರಿ. ಕಾಳು ಬಿಸಲಿಗೆ ಹಾಕಿದ್ರೂ ಇದ ನಿಯಮ: ಸಂಜೀಕ ಬಿಸಿ ಬಿಸಿ ತುಂಬಬಾರ್ದು, ರಾತ್ರಿ ಆರಲಿ. ಧಾರವಾಡದ ಜಿಟಿಜಿಟಿ ಮಳಿಯೊಳಗ ಹಿಟ್ಟು ಹವಾದಾಗಿನ ನೀರು ಎಳಕೋತೈತಿ, ಗದಗದ ಕಡೆ ಅಷ್ಟಿಲ್ಲ. ಅದಕ್ಕ ಎರಡೂ ಊರಾಗ ಒಂದ ಅಳತಿ ನೀರು ನಡಿಯೂದಿಲ್ಲ.

ಸನೇದಾಗ ಕಲ್ಲಿನ ಗಿರಣಿ ಇದ್ದವ್ರಿಗೆ ಅದ ಬೆಸ್ಟ್. ಹೊಸ ಬಡಾವಣಿಯೊಳಗ ಗಿರಣಿ ದೂರ ಇದ್ರ, ರೊಟ್ಟಿ ಮೇಕರಿಗೆ ಹಾಕೋ ರೊಕ್ಕಕ್ಕ ಇನ್ನಷ್ಟು ಕೂಡಿಸಿ ಮನಿ ಗಿರಣಿ ತಗೋರಿ. 1 ಎಚ್‌ಪಿ ಮೋಟಾರಿನದು ಸಾಕು, ಒಂದು ತಾಸು ನಡದ್ರ ಸುಮಾರು ಒಂದು ಯೂನಿಟ್ ಕರೆಂಟು. ಅದರ ಒಳಗ ಕಲ್ಲಿಲ್ಲ, ತಿರುಗೋ ಬ್ಲೇಡು, ಸುತ್ತ ಜಾಳಗಿ. ಜೋಳಕ್ಕ ಸಣ್ಣ ತೂತಿನ ಜಾಳಗಿ ಹಾಕ್ರಿ. ಕಾಳು ಹಸಿ ಇದ್ರ ಜಾಳಗಿ ತೂತು ಕಟ್ಟಿ ಮೋಟಾರು ಗುರ್ ಅಂತ ನಿಲ್ತೈತಿ, ಕಂಪನಿಗೆ ಬೈಯ್ಯೂದ್ರಾಗ ಅರ್ಥಿಲ್ಲ. ಹಸನು ಮಾಡದ ಹರಳು ಸಮೇತ ಹಾಕಿದ್ರ ಬ್ಲೇಡು ಹೋಗ್ತೈತಿ. ಗಾಳಿ ಹೋಗೋ ಬಟ್ಟಿ ಚೀಲ ಪ್ರತಿ ಸಲ ಝಾಡಿಸ್ರಿ, ಇಲ್ಲಾಂದ್ರ ಹಿಟ್ಟು ಕಾಯ್ತೈತಿ. ಒದ್ದಿ ಅರಿವಿ ಒಳಗ ಹಾಕಬ್ಯಾಡ್ರಿ, ಒಣಾ ಬ್ರಷ್ ಸಾಕು. ಅರಿಷಿಣ, ಮೆಣಸಿನಕಾಯಿ ಅದರಾಗ ಬೀಸಬ್ಯಾಡ್ರಿ, ಆ ವಾಸನಿ ಮುಂದ ಹತ್ತು ಸಲ ರೊಟ್ಟಿಗೆ ಬರ್ತೈತಿ.

ಎಸರಿನ ಮಾತು. ಜೋಳದ ಪಿಷ್ಟ ಸುಮಾರು 70 ಡಿಗ್ರಿ ಕಾವಿನ್ಯಾಗ ನೀರು ಕುಡದು ಅಂಟಾಗ್ತೈತಿ. ಹಿಟ್ಟನ್ನ ಹಿಡದಿಡೂದು ಇದೊಂದ. ನೀರು ಬೆಚ್ಚಗಾದ್ರ ಸಾಲೂದಿಲ್ಲ, ಕುದೀಬೇಕು. ಅರ್ಧ ಕಿಲೋ ಹಿಟ್ಟಿಗೆ ಒಟ್ಟು 400ರಿಂದ 450 ಮಿಲಿ ನೀರು ಹಿಡೀತೈತಿ. ಅದರಾಗ 300 ಮಿಲಿ ಕುದಿಯೋ ಎಸರು ಹಿಟ್ಟಿನ ನಡುವ ಗುಣಿ ಮಾಡಿ ಹಾಕಿ, ಕಟಗಿ ಚಮಚೆಯಿಂದ ಕೂಡಿಸಿ, ಐದು ನಿಮಿಷ ಮುಚ್ಚಿಡ್ರಿ. ಉಳದದ್ದು ನಾದೂ ಮುಂದ ಚಿಮುಕಿಸಿಗೋತ ಹೋಗ್ರಿ. ಮಳಿಗಾಲದಾಗ ಈ ಚಿಮುಕಿಸೋ ನೀರ ಕಡಿಮಿ ಮಾಡಬೇಕು, ಎಸರಲ್ಲ. ಭಾಳ ಮಂದಿ ಎಸರು ಕಡಿಮಿ ಮಾಡ್ತಾರ, ಅಲ್ಲೇ ರೊಟ್ಟಿ ಹರಿಯೋದು. ಎಲ್ಲಾ ಹಿಟ್ಟು ಒಮ್ಮೆ ನಾದಿ ಇಡಬ್ಯಾಡ್ರಿ, ಎರಡು-ಮೂರು ಉಂಡಿಯಷ್ಟ ತಗೊಂಡು ಅಂಗೈಯಿಂದ ಒತ್ತಿ ಒತ್ತಿ ನಾದ್ರಿ. ಉಂಡಿ ಚಪ್ಪಟ್ಟ ಮಾಡಿದಾಗ ಅಂಚು ಬಿರೀಲಿಲ್ಲಾಂದ್ರ ಹದ ಬಂತು. ಇಷ್ಟು ಹಿಟ್ಟಿಗೆ 11-12 ರೊಟ್ಟಿ ಆಗ್ತಾವು.

ಹಂಚಿಗೆ ಹಾಕಿದ ಕೂಡ್ಲೆ ಮ್ಯಾಲ ಒದ್ದಿ ಅರಿವಿ ಆಡಸೂದು ಮರೀಬ್ಯಾಡ್ರಿ. ಒಣಾ ಹಿಟ್ಟು ಉಳಕೊಂಡ್ರ ರೊಟ್ಟಿ ಬೆಳ್ಳಗ, ಬಿರುಸ ಆಗ್ತೈತಿ. ನೀರು ಇಂಗಿ ಹೊಳಪು ಹೋದಾಗ ಹೊಳ್ಳಿಸ್ರಿ. ತಡಾ ಆದ್ರ ಸೀಳತೈತಿ. ಇಂಡಕ್ಷನ್ ಒಲಿ ಮ್ಯಾಲ ಸಪಾಟ ಬುಡದ ಬೀಡಿನ ಹಂಚು ನಡೀತೈತಿ, ಆದ್ರ ನಡುವ ಅಷ್ಟ ಕಾಯ್ತೈತಿ, ಅಂಚು ಹಸಿ ಉಳೀತೈತಿ. ಅಲ್ಲಿ ಸಣ್ಣ ರೊಟ್ಟಿನ ಮಾಡ್ರಿ, ಅರಿವಿಯಿಂದ ಅಂಚು ಒತ್ತಿ ಬೇಯಿಸ್ರಿ.

ಆದ್ರ ರೆಟ್ಟಿ ನೋವು, ಮಂಡಿ ನೋವು ಇದ್ದವ್ರು ಯಂತ್ರ ಕೇಳೂದು ತಪ್ಪಲ್ಲ. ದಿನಾ ಹತ್ತಿಪ್ಪತ್ತು ರೊಟ್ಟಿ ಬಡಿಯೋದು ಕಡು ಕಷ್ಟದ ಕೆಲಸ, ಅದನ್ನ "ರೂಢಿ ಐತಿ ಬಿಡು" ಅಂತ ಹೆಣ್ಣಮಕ್ಕಳ ಮ್ಯಾಲ ಬಿಡೂದು ನನಗ ಸೇರೂದಿಲ್ಲ. ಕಾಳು ಹಸನು ಮಾಡೂದು, ಗಿರಣಿಗೆ ಹೋಗೂದು, ಹಿಟ್ಟು ನಾದೂದು ಮೂರೂ ಗಂಡಸರು ಮಾಡಬಹುದಾದ ಕೆಲಸ. ನಾದೂದಕ್ಕ ರೆಟ್ಟಿ ಬಲ ಬೇಕು, ಅಷ್ಟ. ಬಡಿಯೋ ಕೆಲಸಕ್ಕ ಬಿಸಿ ಆಗದ, ಕೈಯಿಂದ ಒತ್ತೋ ಕಬ್ಬಿಣದ ಪ್ರೆಸ್ ಸಾಕು. ಎಣ್ಣಿ ಪಾಕೀಟು ಕತ್ತರಿಸಿ ತೊಳದ ಎರಡು ಹಾಳಿ ನಡುವ ಉಂಡಿ ಇಟ್ಟು ಅರ್ಧ ಒತ್ರಿ, ಕಾಲು ಸುತ್ತು ತಿರುವಿ ಮತ್ತ ಒತ್ರಿ. ಒಮ್ಮೆಲೆ ಪೂರ್ತಿ ಒತ್ತಿದ್ರ ಒಂದು ಕಡೆ ತೆಳ್ಳಗ, ಇನ್ನೊಂದು ಕಡೆ ದಪ್ಪ ಆಗ್ತೈತಿ. ಮ್ಯಾಲಿನ ಹಾಳಿ ಸುಲದು, ರೊಟ್ಟಿ ಅಂಗೈ ಮ್ಯಾಲ ಬೋರಲು ಹಾಕ್ಕೊಂಡು ಕೆಳಗಿನದ್ದು ತಗದು ಹಂಚಿಗೆ ಬಿಡ್ರಿ. ಬಡಿದ ರೊಟ್ಟಿಯಷ್ಟು ತೆಳ್ಳಗ ಬರೂದಿಲ್ಲ, ಆದ್ರ ಉಬ್ಬತೈತಿ. ಪ್ರೆಸ್ ತಗೋಳೂ ಮುಂದ ತಟ್ಟಿಯ ಅಗಲ 8 ಇಂಚಿಗೆ ಕಡಿಮಿ ಇರದಂಗ ನೋಡ್ಕೋರಿ, ಹಿಡಿಕಿ ಕೂಡೋ ಕಡೆ ಬೆಸುಗಿ ಗಟ್ಟಿ ಐತೇನಂತ ಅಂಗಡಿಯೊಳಗ ಎರಡು ಸಲ ಒತ್ತಿ ನೋಡ್ರಿ, ಮೊದಲು ಮುರಿಯೂದು ಅಲ್ಲೇ.