ಕಿಟಕಿ ಮುಚ್ಚಿಕೊಂಡೇ ಶಾಲೆ ತೆರೆದೆವು

ಕಳೆದ ವಾರ ನಮ್ಮ ಶಾಲೆಗೆ ಸುಣ್ಣ ಹೊಡೆಸುವಾಗ ಆರನೇ ತರಗತಿ ಕೋಣೆಯ ಕಿಟಕಿಯ ಮೊಳೆ ಕೀಳಿಸಿದೆವು. ಬಿಸಿಗಾಳಿ, ಧೂಳು ಒಳಗೆ ಬರದಿರಲಿ ಅಂತ ಯಾವ ಕಾಲದಲ್ಲೋ ಹೊಡೆದ ಮೊಳೆಗಳು. ನಾಲ್ಕೂ ತುಕ್ಕು ಹಿಡಿದಿದ್ದವು. ಅವನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ನೆ ನಿಂತೆ. 2021ರಲ್ಲಿ ಕೊರೊನಾ ನಡುವೆ ಶಾಲೆ ಮತ್ತೆ ತೆರೆದಾಗಲೂ ಈ ಕಿಟಕಿ ಹೀಗೇ ಮುಚ್ಚಿತ್ತು. ಸ್ಯಾನಿಟೈಸರ್ ಬಂತು, ಥರ್ಮಲ್ ಸ್ಕ್ಯಾನರ್ ಬಂತು, ಬಾಗಿಲ ಮುಂದೆ ಸುಣ್ಣದಲ್ಲಿ ವೃತ್ತ ಬರೆದೆವು, ದಿನಾ ಡೆಸ್ಕು ಒರೆಸಿದೆವು. ಗಾಳಿಯಲ್ಲಿ ಹರಡುವ ರೋಗಕ್ಕೆ ಗಾಳಿ ಆಡುವ ಜಾಗ ಬೇಕು ಅನ್ನುವುದು ನನಗೂ ಹೊಳೆಯಲಿಲ್ಲ. ಆ ತಪ್ಪು ನನ್ನದೂ ಹೌದು.

ನಾನು ರಾಯಚೂರು ಜಿಲ್ಲೆಯ, ಸಿಂಧನೂರು ಕಡೆಯ ಒಂದು ಹಳ್ಳಿ ಶಾಲೆಯ ಮೇಷ್ಟ್ರು. ಪ್ರತಿ ವರ್ಷ ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ ಕೂತು ಶಾಲೆಗೆ ಏನು ಬೇಕು ಅಂತ ಬರೆಯುತ್ತೇವೆ. ಕಾಂಪೌಂಡು, ಶೌಚಾಲಯ, ಕುಡಿಯುವ ನೀರು, ಎಲ್ಲಾ ಇರುತ್ತವೆ. ಮತ್ತೊಂದು ರೋಗ ಬಂದರೆ ಶಾಲೆ ಹೇಗೆ ನಡೆಸುತ್ತೇವೆ ಅನ್ನುವುದಕ್ಕೆ ಮಾತ್ರ ಒಂದು ಸಾಲೂ ಇಲ್ಲ. ಅಷ್ಟು ದೊಡ್ಡ ಪೆಟ್ಟು ತಿಂದ ಮೇಲೂ ಇಲ್ಲ. ಅದಕ್ಕೇ ಈ ಬರಹ.

ಒಮ್ಮೆ ಲೆಕ್ಕ ಹಾಕಿ ನೋಡಿ. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು. ಆಗಸ್ಟ್‌ನಲ್ಲಿ ಮಕ್ಕಳಿದ್ದಲ್ಲಿಗೇ ಹೋಗಿ ಕಲಿಸುವ ವಿದ್ಯಾಗಮ ಯೋಜನೆ ಬಂತು. ಗುಡಿಯ ಕಟ್ಟೆ, ಮರದ ನೆರಳು, ಸಿಕ್ಕಲ್ಲಿ ಮಕ್ಕಳನ್ನು ಕೂರಿಸಿ ಕಲಿಸಿದೆವು. ಸೋಂಕಿನ ಸುದ್ದಿ ಬಂದು ಅಕ್ಟೋಬರ್‌ನಲ್ಲಿ ಅದೂ ನಿಂತಿತು. 2021ರ ಜನವರಿ 1ಕ್ಕೆ ಹತ್ತನೆಯವರು ಬಂದರು, ಫೆಬ್ರವರಿ 22ಕ್ಕೆ ಆರರಿಂದ ಎಂಟನೆಯವರು. ಏಪ್ರಿಲ್‌ನಲ್ಲಿ ಮತ್ತೆ ಬಾಗಿಲು ಮುಚ್ಚಿತು. ಆಗಸ್ಟ್ 23ಕ್ಕೆ ಒಂಬತ್ತನೇ ತರಗತಿಯಿಂದ ಮೇಲಿನವರು, ಸೆಪ್ಟೆಂಬರ್ 6ಕ್ಕೆ ಆರರಿಂದ ಎಂಟು, ಕೊನೆಗೆ ಅಕ್ಟೋಬರ್ 25ಕ್ಕೆ ಒಂದರಿಂದ ಐದು. ಅಂದರೆ 2020ರಲ್ಲಿ ಒಂದನೇ ತರಗತಿಗೆ ಹೆಸರು ಹಚ್ಚಿದ ಮಗು, ಕೋಣೆಯಲ್ಲಿ ಬೋರ್ಡಿನ ಮುಂದೆ ಕೂರುವ ಹೊತ್ತಿಗೆ ಎರಡನೇ ತರಗತಿಯ ಅರ್ಧ ಮುಗಿಸಿತ್ತು. ಅ ಆ ಗೊತ್ತಿಲ್ಲ, ಪೆನ್ಸಿಲ್ ಹಿಡಿಯಲು ಬರುವುದಿಲ್ಲ. ಮನೆಯಲ್ಲಿ ಅಕ್ಷರ ಬಲ್ಲವರಿದ್ದರೆ ಹೇಗೋ ನಡೆಯುತ್ತಿತ್ತು. ಇಲ್ಲದಿದ್ದರೆ?

ದೊಡ್ಡವರು ಮೊದಲು, ಸಣ್ಣವರು ಕೊನೆಗೆ ಎಂಬ ಈ ಸಾಲೇ ತಲೆಕೆಳಗಾಗಿತ್ತು ಅಂತ ನನಗೆ ಈಗಲೂ ಅನಿಸುತ್ತದೆ. 2021ರ ಜುಲೈನಲ್ಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮುಖ್ಯಸ್ಥರಾಗಿದ್ದ ಬಲರಾಮ್ ಭಾರ್ಗವ ಅವರು ಹೇಳಿದ್ದರು: ಶಾಲೆ ತೆರೆಯುವುದಾದರೆ ಪ್ರಾಥಮಿಕ ಶಾಲೆಯಿಂದ ಶುರು ಮಾಡುವುದು ಒಳ್ಳೆಯದು, ಸಣ್ಣ ಮಕ್ಕಳು ಸೋಂಕನ್ನು ದೊಡ್ಡವರಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತಾರೆ, ಶಿಕ್ಷಕರು ಮತ್ತು ಸಿಬ್ಬಂದಿಗೆ ಮೊದಲು ಲಸಿಕೆ ಹಾಕಿಸಿ ಅಂತ. ಅದೇ ತಿಂಗಳ 19 ಮತ್ತು 22ಕ್ಕೆ ಒಂದೊಂದು ಕೋಣೆಗೆ 12 ಮಕ್ಕಳಂತೆ ಕೂರಿಸಿ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನೇ ಮುಗಿಸಿದೆವು. ಮನಸ್ಸು ಮಾಡಿದರೆ ನಮ್ಮಿಂದ ಆಗುತ್ತದೆ, ಅಲ್ವಾ? ಸಣ್ಣ ಮಕ್ಕಳಿಗೆ ಆ ಮನಸ್ಸು ಬರಲು ಮತ್ತೆ ಮೂರು ತಿಂಗಳು ಬೇಕಾಯಿತು.

ಇನ್ನು ಆ ಸ್ಕ್ಯಾನರ್ ಕಥೆ. ವಲಸೆ ಬಂದವರು ನೆಲೆಸಿದ ಕ್ಯಾಂಪಿನಿಂದ ಎರಡು ಕಿಲೋಮೀಟರ್ ಬಿಸಿಲಲ್ಲಿ ನಡೆದು ಬಂದ ಹುಡುಗರ ಹಣೆಗೆ ಹಿಡಿದರೆ ಅದು ಜ್ವರ ಅಂತ ಕೂಗುತ್ತಿತ್ತು. ಮೊದಲ ದಿನ ಮೂವರನ್ನು ಮನೆಗೆ ಕಳಿಸಿಬಿಟ್ಟೆವು. ಪಾಪ, ಅದೇ ಬಿಸಿಲಲ್ಲಿ ವಾಪಸ್ ನಡೆದು ಹೋದರು. ಮಾರನೆಯ ದಿನ ಅಡುಗೆಯ ಅಕ್ಕ ಹೇಳಿದರು: "ಸರ್ರ, ಹುಡುಗ್ರನ್ನ ಬೇವಿನ ಗಿಡದ ಕೆಳಗ ಕುಂದ್ರಸ್ರಿ. ನೀರು ಕುಡೀಲಿ. ಆಮ್ಯಾಲ ನೋಡ್ರಿ." ಹತ್ತು ನಿಮಿಷ ಬಿಟ್ಟು ನೋಡಿದರೆ ಯಾರಿಗೂ ಜ್ವರವಿಲ್ಲ. ನಮ್ಮ ಕೈಗೆ ಬಂದ ಸೂಚನೆಯ ಹಾಳೆಗಳಲ್ಲಿ ರಾಯಚೂರಿನ ಬಿಸಿಲು ಇರಲಿಲ್ಲ. ಅಕ್ಕನ ತಲೆಯಲ್ಲಿ ಇತ್ತು. ಶಾಲೆ ತೆರೆಯುವ ಯೋಜನೆ ಮಾಡುವಾಗ ಅಂಥವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು.

ಆ ಬೇವಿನ ಗಿಡವನ್ನೇ ನೋಡಿ. ಮಲೆನಾಡಿನಂತೆ ನಮ್ಮಲ್ಲಿ ತಿಂಗಳುಗಟ್ಟಲೆ ಮಳೆ ಹಿಡಿಯುವುದಿಲ್ಲ. ವರ್ಷದ ಬಹುಪಾಲು ದಿನ ಬೆಳಗಿನ ಹೊತ್ತು ಹೊರಗೆ ಕೂತು ಪಾಠ ಮಾಡಬಹುದು. ಬೇಸಿಗೆಯಲ್ಲಿ ಬೆಳಗಿನ ಶಾಲೆ ನಮಗೇನು ಹೊಸದಲ್ಲ. ರೋಗದ ಕಾಲದಲ್ಲೂ ಅದೇ ವೇಳಾಪಟ್ಟಿ ಹಿಡಿದಿದ್ದರೆ ಅರ್ಧ ಮಕ್ಕಳು ಹೊರಗೆ, ಅರ್ಧ ಮಕ್ಕಳು ಕಿಟಕಿ ತೆರೆದ ಕೋಣೆಯಲ್ಲಿ ಕೂರುತ್ತಿದ್ದರು. ಖರ್ಚೇನೂ ಇಲ್ಲ.

ಊಟದ ಮಾತು ಹೇಳದೆ ಇರಲಾರೆ. ಶಾಲೆ ತೆರೆದ ಮೇಲೂ ಮೊದಲ ಕೆಲವು ವಾರ ಬಿಸಿಯೂಟ ಇರಲಿಲ್ಲ. ಬಿಸಿಯೂಟದ ಬದಲು ಮನೆಗೆ ರೇಷನ್ ಕೊಟ್ಟಿದ್ದು ನಿಜ. ಆದರೆ ಬೆಳಗ್ಗೆ ಐದಕ್ಕೆ ಕೂಲಿಗೆ ಹೋಗುವ ತಾಯಿ ಯಾವಾಗ ಡಬ್ಬಿ ಕಟ್ಟಬೇಕು? ಹುಡುಗರು ಖಾಲಿ ಹೊಟ್ಟೆಯಲ್ಲಿ ಬಂದು ಹನ್ನೊಂದಕ್ಕೇ ಡೆಸ್ಕಿನ ಮೇಲೆ ತಲೆ ಇಡುತ್ತಿದ್ದರು. ಊಟಕ್ಕೆ ಮಾಸ್ಕ್ ತೆಗೆಯಲೇಬೇಕು, ಅದು ಅಪಾಯದ ಹೊತ್ತು, ಒಪ್ಪುತ್ತೇನೆ. ಹಾಗಂತ ಊಟವನ್ನೇ ನಿಲ್ಲಿಸುವುದೇ? ಅಂಗಳದಲ್ಲಿ ದೂರ ದೂರ ಕೂರಿಸಿ ಎರಡು ಪಂಕ್ತಿ ಮಾಡಿದ್ದರೆ ಸಾಕಿತ್ತು. ಆಮೇಲೆ ನಾವು ಮಾಡಿದ್ದೂ ಅದನ್ನೇ. ಆ ವರ್ಷದ ಡಿಸೆಂಬರ್‌ನಲ್ಲಿ ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮೊಟ್ಟೆ ಶುರುವಾಯಿತು. ಮೊಟ್ಟೆ ಕೊಡುವ ದಿನ ಹಾಜರಿ ಪುಸ್ತಕ ತುಂಬುತ್ತಿತ್ತು.

ನನ್ನನ್ನು ಜಾಸ್ತಿ ಕಾಡುವುದು ಬೇರೆ. ಶಾಲೆಗೆ ಬರಲು ಪಾಲಕರ ಒಪ್ಪಿಗೆ ಪತ್ರ ಬೇಕಿತ್ತು. ನಾಲ್ಕನೇ ತರಗತಿಯ ಒಬ್ಬ ಹುಡುಗಿಯ ಅವ್ವ, ಅಪ್ಪ ಇಬ್ಬರೂ ಬೆಂಗಳೂರಿಗೆ ಗುಳೆ ಹೋಗಿದ್ದರು. ಅಜ್ಜಿ ಹೆಬ್ಬೆಟ್ಟು ಒತ್ತಿ ಕೊಟ್ಟಳು. ಅದು ನಡೆಯುತ್ತದೋ ಇಲ್ಲವೋ ಅಂತ ನಾವು ಎರಡು ದಿನ ಫೋನಿನಲ್ಲಿ ಕೇಳುತ್ತಾ ಕೂತೆವು. ಆ ಎರಡು ದಿನ ಅಜ್ಜಿ ಅವಳನ್ನು ಹತ್ತಿ ಬಿಡಿಸಲು ಕರೆದುಕೊಂಡು ಹೋದಳು. ಮೂರನೆಯ ದಿನ ನಾನು ಮನೆಗೇ ಹೋದೆ. ಹುಡುಗಿ ಕೈ ತೋರಿಸಿದಳು. ಬೆರಳ ತುಂಬಾ ಹತ್ತಿ ಕಾಯಿ ಗೀರಿದ ಗುರುತು. ಅವಳು ಮರಳಿ ಬಂದಳು. ಎಲ್ಲರೂ ಬರಲಿಲ್ಲ. ನಮ್ಮ ಏಳನೇ ತರಗತಿಯ ಇಬ್ಬರು ಹುಡುಗಿಯರಿಗೆ ಆ ಹೊತ್ತಿಗೆ ಮದುವೆಯೇ ಆಗಿತ್ತು. ಯಾವ ಸ್ಕ್ಯಾನರೂ ಅದನ್ನು ತೋರಿಸಲಿಲ್ಲ.

ಹಾಗಾಗಿ ನನ್ನ ಪ್ರಕಾರ ಶಾಲೆ ತೆರೆಯುವ ಯೋಜನೆಯ ಮೊದಲ ಹಾಳೆ ಮಕ್ಕಳ ಪಟ್ಟಿ. ಯಾರು ಊರಲ್ಲಿದ್ದಾರೆ, ಯಾರು ಗುಳೆ ಹೋಗಿದ್ದಾರೆ, ಯಾವ ನಂಬರಿಗೆ ಫೋನ್ ಮಾಡಬೇಕು, ಯಾರ ಮನೆಗೆ ನಾವೇ ಹೋಗಬೇಕು. ಆಶಾ ಕಾರ್ಯಕರ್ತೆಗೆ, ಅಂಗನವಾಡಿ ಟೀಚರಿಗೆ ಇದರಲ್ಲಿ ಅರ್ಧ ಈಗಲೇ ಗೊತ್ತು. ಕಿಟಕಿ, ನೀರು, ಊಟ ಆಮೇಲಿನ ಹಾಳೆಗಳು. ಮುಚ್ಚುವ, ತೆರೆಯುವ ನಿರ್ಧಾರವೂ ಪಂಚಾಯಿತಿ ಮಟ್ಟಕ್ಕೆ ಇಳಿಯಬೇಕು. 2021ರಲ್ಲಿ ಪಾಸಿಟಿವಿಟಿ (ಪರೀಕ್ಷೆ ಮಾಡಿದವರಲ್ಲಿ ಸೋಂಕು ಕಂಡವರ ಪ್ರಮಾಣ) ಶೇ. 2ಕ್ಕಿಂತ ಕಡಿಮೆ ಇದ್ದ ಜಿಲ್ಲೆಗಳಲ್ಲಿ ತೆರೆದರು. ಜಿಲ್ಲೆ ಅಂದರೆ ಎಷ್ಟು ದೊಡ್ಡದು! ಎಲ್ಲೋ ಒಂದು ಪಟ್ಟಣದಲ್ಲಿ ಕೇಸು ಏರಿದರೆ ನೂರು ಕಿಲೋಮೀಟರ್ ದೂರದ ತಾಂಡಾದ ಶಾಲೆಗೆ ಯಾಕೆ ಬೀಗ?

ಬರುವ ಶನಿವಾರ ನಮ್ಮ ಎಸ್‌ಡಿಎಂಸಿ ಸಭೆ ಇದೆ. ಗುಳೆ ಹೋಗುವ ಮನೆಗಳ ಫೋನ್ ನಂಬರ್ ಬರೆಯಲು ಒಂದು ಹೊಸ ರಿಜಿಸ್ಟರ್ ತಂದಿಟ್ಟಿದ್ದೇನೆ. ಉಳಿದ ಮೂರು ಕೋಣೆಗಳ ಕಿಟಕಿ ನೋಡಲು ಬಡಿಗೇರರಿಗೂ ಅವತ್ತೇ ಬರಲು ಹೇಳಿದ್ದೇನೆ.