ರಿಜಿಸ್ಟರ್ ಇಲ್ಲದ ಆರ್ಕೈವ್ ಯಾರಿಗೆ ಬೇಕು?

ವೈದ್ಯರು, ನರ್ಸ್‌ಗಳು, ಫಿಸಿಯೋಥೆರಪಿಸ್ಟ್‌ಗಳನ್ನು ನೋಂದಾಯಿಸಿಕೊಳ್ಳುವ, ತಪ್ಪು ಮಾಡಿದರೆ ಹೆಸರು ತೆಗೆದುಹಾಕುವ ನಿಯಂತ್ರಣ ಸಂಸ್ಥೆಗಳಿವೆಯಲ್ಲ, ಅವೂ ಆಗಾಗ ವೆಬ್‌ಸೈಟ್ ಬದಲಿಸುತ್ತವೆ. ಹಳೆಯದು ಎಲ್ಲಿ ಹೋಯ್ತು ಅಂತ ಕೇಳಿದರೆ 'ಆರ್ಕೈವ್ ಆಗಿದೆ', ಅಂದರೆ ಹಳೇ ಪುಟಗಳ ಪ್ರತಿ ತೆಗೆದಿಟ್ಟಿದೆ ಅನ್ನುತ್ತಾರೆ. ಕೇಳಿದವರೂ ಸುಮ್ನಾಗುತ್ತಾರೆ. ನನಗೆ ಆ ಉತ್ತರ ಸಾಲುವುದಿಲ್ಲ.

ಯಾಕೆ ಅಂದರೆ, ಇಲ್ಲಿ ಎಲ್ಲವೂ ತಾರೀಖಿನ ಮೇಲೆ ನಿಂತಿದೆ. ಹಳೇ ಘಟನೆಯೊಂದರ ಬಗ್ಗೆ ಇವತ್ತು ದೂರು ಬಂದರೆ ಇವತ್ತಿನ ನಿಯಮ ಹಿಡಿದು ಅಳೆಯುವುದು ನ್ಯಾಯವಲ್ಲ. ಅವತ್ತು ಜಾರಿಯಲ್ಲಿದ್ದದ್ದು ಬೇಕು. ಬ್ರಿಟನ್ನಿನ ಎಚ್‌ಸಿಪಿಸಿ (ಆರೋಗ್ಯ ಮತ್ತು ಆರೈಕೆ ವೃತ್ತಿಗಳ ನಿಯಂತ್ರಣ ಮಂಡಳಿ) 15 ವೃತ್ತಿಗಳನ್ನು ನೋಡಿಕೊಳ್ಳುತ್ತದೆ. ಅದರ ನಡವಳಿಕೆ ನಿಯಮಗಳ ಹೊಸ ಆವೃತ್ತಿ ಜಾರಿಗೆ ಬಂದದ್ದು 2024ರ ಸೆಪ್ಟೆಂಬರ್ 1ಕ್ಕೆ. ಅದಕ್ಕೆ ಹಿಂದಿನ ದಿನ ನಡೆದ ಘಟನೆಗೆ 2016ರ ಆವೃತ್ತಿಯನ್ನೇ ತೆಗೆಯಬೇಕು.

ಇಂಗ್ಲೆಂಡಿನ ಸೋಷಿಯಲ್ ವರ್ಕರ್‌ಗಳ ಕಥೆ ಇನ್ನೂ ಗೋಜಲು. 2012ರ ಜುಲೈವರೆಗೆ ಒಂದು ಸಂಸ್ಥೆ, ಆಮೇಲೆ ಎಚ್‌ಸಿಪಿಸಿ, 2019ರ ಡಿಸೆಂಬರ್‌ನಿಂದ ಸೋಷಿಯಲ್ ವರ್ಕ್ ಇಂಗ್ಲೆಂಡ್. ಮೊದಲನೆಯದು ಮುಚ್ಚೇ ಹೋಯಿತು. ಭಾರತದಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ವೈದ್ಯರ ನಡವಳಿಕೆಗೆ ಹೊಸ ನಿಯಮ ತಂದು, ಅದೇ ತಿಂಗಳು 23ಕ್ಕೆ ತಡೆಹಿಡಿಯಿತು. ಮತ್ತೆ 2002ರ ನಿಯಮವೇ ಗತಿಯಾಯಿತು. ಆ ಆಗಸ್ಟ್ ಮಧ್ಯದಲ್ಲಿ ಸೈಟ್ ಏನು ಹೇಳುತ್ತಿತ್ತು ಅಂತ ನಾಳೆ ಯಾರಾದರೂ ಕೇಳಿಯೇ ಕೇಳುತ್ತಾರೆ.

ನಿಯಮ, ಸುತ್ತೋಲೆ, ಸಭೆಯ ನಡಾವಳಿ ಇವೆಲ್ಲ ಆರ್ಕೈವ್‌ನಲ್ಲಿ ಹೆಚ್ಚುಕಡಿಮೆ ಚೆನ್ನಾಗಿಯೇ ಉಳಿಯುತ್ತವೆ. ಕ್ರಾಲರ್ ಎಂಬ ಪ್ರೋಗ್ರಾಂ ಲಿಂಕ್ ಹಿಡಿದು ಪುಟದಿಂದ ಪುಟಕ್ಕೆ ಹೋಗಿ ಸಿಕ್ಕಿದ್ದನ್ನೆಲ್ಲ ತುಂಬಿಕೊಳ್ಳುತ್ತದೆ. ಲಿಂಕ್ ಇಲ್ಲದ ಕಡೆ ಅದಕ್ಕೆ ದಾರಿ ಗೊತ್ತಾಗುವುದಿಲ್ಲ. ಇಂಥ ಸಂಸ್ಥೆಯ ಜೀವಾಳವಾದ ರಿಜಿಸ್ಟರ್, ಅಂದರೆ ನೋಂದಣಿಯಾದವರ ಪಟ್ಟಿ, ಇರುವುದೇ ಅಲ್ಲಿ, ಹುಡುಕಾಟದ ಪೆಟ್ಟಿಗೆಯ ಹಿಂದಿನ ಡೇಟಾಬೇಸ್‌ನಲ್ಲಿ.

ಒಂದು ಹಳೇ ಪ್ರತಿ ತೆರೆದು ನೋಡಿ. ಲೋಗೋ ಇರುತ್ತದೆ, ನಗುತ್ತಿರುವ ನರ್ಸ್ ಫೋಟೋ ಇರುತ್ತದೆ (ಅದು ಯಾವತ್ತೂ ಕಳೆದುಹೋಗುವುದಿಲ್ಲ!), 'ನೋಂದಣಿ ಪರಿಶೀಲಿಸಿ' ಅನ್ನುವ ಪೆಟ್ಟಿಗೆಯೂ ಇರುತ್ತದೆ. ಹೆಸರು ಟೈಪ್ ಮಾಡಿ ಬಟನ್ ಒತ್ತಿದರೆ ಈ ಪುಟ ಉಳಿಸಿಲ್ಲ ಅಂತ ಬರುತ್ತದೆ. ಬಾಗಿಲು ಉಳಿದಿದೆ, ಮನೆ ಇಲ್ಲ.

ಈಗಿನ ಸೈಟಿನಲ್ಲಿ ಹುಡುಕಬಹುದಲ್ವಾ ಅನ್ನಬಹುದು. ಅಲ್ಲಿ ಸಾಮಾನ್ಯವಾಗಿ ಸಿಗುವುದು ಇವತ್ತಿನ ಸ್ಥಿತಿ. 2016ರಲ್ಲಿ ನನಗೆ ಚಿಕಿತ್ಸೆ ಕೊಟ್ಟವರು ಆ ದಿನ ನೋಂದಣಿಯಲ್ಲಿದ್ದರಾ, ಅವರ ಮೇಲೆ ಷರತ್ತುಗಳಿದ್ದವಾ ಅನ್ನುವುದಕ್ಕೆ ಅದು ಉತ್ತರವಲ್ಲ. ಹಾಗಾಗಿ ರಿಜಿಸ್ಟರ್‌ನ ತಾರೀಖುವಾರು ಪ್ರತಿಯನ್ನು ಡೇಟಾಬೇಸ್‌ನಿಂದಲೇ ತೆಗೆದು ಬೇರೆ ಇಡಬೇಕು. ಇದು ವೆಬ್ ಡಿಸೈನರ್ ಕೆಲಸವಲ್ಲ, ದಾಖಲೆ ವಿಭಾಗದ್ದು.

ಇಲ್ಲೊಂದು ತಕರಾರು ಬರುತ್ತದೆ, ಅದು ಸುಮ್ನೆ ತಳ್ಳಿಹಾಕುವಂಥದ್ದೂ ಅಲ್ಲ. ಆರು ತಿಂಗಳು ಅಮಾನತಾಗಿ, ಶಿಕ್ಷೆ ಮುಗಿಸಿ ಕೆಲಸಕ್ಕೆ ಮರಳಿದವರ ಹೆಸರು ಜೀವಮಾನವಿಡೀ ಗೂಗಲ್‌ನಲ್ಲಿ ತೇಲುತ್ತಿರಬೇಕಾ? ಬೇಡ. ಹಾಗಂತ ದಾಖಲೆಯನ್ನೇ ಸುಡಬೇಕಾಗಿಯೂ ಇಲ್ಲ. 2014ರಲ್ಲಿ ಯುರೋಪಿಯನ್ ನ್ಯಾಯಾಲಯ ಗೂಗಲ್ ವಿರುದ್ಧ ಕೊಟ್ಟ ತೀರ್ಪು ನೆನಪಿಸಿಕೊಳ್ಳಿ. ಸ್ಪೇನ್‌ನ ಪತ್ರಿಕೆಯೊಂದರಲ್ಲಿ ಒಬ್ಬರ ಹೆಸರಿದ್ದ 1998ರ ಪ್ರಕಟಣೆ ಪತ್ರಿಕೆಯ ಪುಟದಲ್ಲಿ ಹಾಗೇ ಉಳಿಯಿತು. ಹೆಸರು ಹಾಕಿ ಹುಡುಕಿದಾಗ ಬರುವ ಲಿಂಕನ್ನು ತೆಗೆಸಬಹುದು ಅಂತಷ್ಟೇ ಆಯಿತು. ಇಡುವುದು ಬೇರೆ, ಎಲ್ಲರ ಬೆರಳ ತುದಿಗೆ ಕೊಡುವುದು ಬೇರೆ.

ನನ್ನ ಪ್ರಕಾರ ನಿಯಮಗಳ ಎಲ್ಲಾ ಹಳೇ ಆವೃತ್ತಿಗಳೂ ತಾರೀಖಿನ ಸಮೇತ ಎಲ್ಲರಿಗೂ ತೆರೆದಿರಲಿ. ಹೆಸರುಗಳಿರುವ ಹಳೇ ರಿಜಿಸ್ಟರ್ ಸರ್ಚ್ ಎಂಜಿನ್‌ಗೆ ಸಿಗದ ಹಾಗೆ ಭದ್ರವಾಗಿರಲಿ. ಕಾರಣ ಕೊಟ್ಟು ಕೇಳಿದ ರೋಗಿಗೆ, ವಕೀಲರಿಗೆ, ಅಷ್ಟೇ ಏಕೆ ದೂರು ಎದುರಿಸುತ್ತಿರುವ ನರ್ಸ್‌ಗೂ ಸಿಗಲಿ. ದೂರು ಸುಳ್ಳು ಅಂತ ತೋರಿಸಲು ಎಷ್ಟೋ ಸಲ ಅವರಿಗೇ ಅದು ಜಾಸ್ತಿ ಬೇಕಾಗುತ್ತದೆ. ಹೊಸ ಸೈಟ್‌ಗೆ ಟೆಂಡರ್ ಕರೆಯುವಾಗಲೇ ಇವೆರಡನ್ನೂ ಬರೆದುಬಿಡಿ. ಹಳೇ ಸರ್ವರ್ ಆಫ್ ಮಾಡಿದ ಮೇಲೆ ಗುತ್ತಿಗೆದಾರನನ್ನು ಕೇಳಿದರೆ ಅವನ ಹತ್ತಿರ ಆ ನರ್ಸ್ ಫೋಟೋ ಮಾತ್ರ ಇರುತ್ತದೆ.